ಕಾಜಾ ಕೂಗದೆ ಬಿಟ್ಟ ಮೀನು

ದರ್ಜಿಗೆ ಕಾಜಾ ಎಂದು ಹೆಸರಿಟ್ಟವನು ಅವನ ಗೆಳೆಯ ಮೊಳೆ. ಅಂಗಿಯ ಗುಂಡಿ ತೂರಿಸುವ ತೂತಿಗೆ ಕಾಜಾ ಎನ್ನುತ್ತಾರಲ್ಲ, ಕಸುಬು ಕಲಿಯುವಾಗ ನಮ್ಮ ದರ್ಜಿ ಮೂರು ವರ್ಷ ಅದೊಂದನ್ನೇ ಹೊಲಿದಿದ್ದ. ಮೊಳೆಗೂ ಹೆಸರು ಬಂದದ್ದು ಕಸುಬಿನಿಂದಲೇ. ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಪುಟ ಕಟ್ಟುತ್ತಿದ್ದವನು ಅವನು. ಕರೆಂಟು ಹೋದರೂ ಅವನ ಕೈ ನಿಲ್ಲುತ್ತಿರಲಿಲ್ಲ. ಬೆರಳ ತುದಿಯಲ್ಲೇ ಸವರಿ ಇದು ಅಲ್ಪವಿರಾಮ, ಇದು ಪೂರ್ಣವಿರಾಮ ಎಂದು ಹೇಳುತ್ತಿದ್ದ. ಕಾಜಾನೋ, ಹಾಡುಹಗಲಲ್ಲಿ ಕನ್ನಡಕ ಏರಿಸಿಕೊಂಡೂ ಸೂಜಿಗೆ ದಾರ ಪೋಣಿಸಲು ಪಕ್ಕದ ಅಂಗಡಿಯವನನ್ನು ಕರೆಯುವ ಆಸಾಮಿ.

ಅಚ್ಚುಕೂಟ ಮುಚ್ಚಿದ ದಿನ ಮೊಳೆ ಎಸೆಯಲಿಟ್ಟ ಅಕ್ಷರಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಮನೆಗೆ ಹೊತ್ತು ತಂದ. ಹಿತ್ತಿಲಲ್ಲಿ ಅವನ್ನು ಕರಗಿಸಿ ಬೆರಳುದ್ದದ ಮೀನುಗಳನ್ನು ಎರಕ ಹೊಯ್ದ, ಬಾಲಕ್ಕೊಂದು ಕೊಕ್ಕೆ ಸಿಕ್ಕಿಸಿದ. ಇದಕ್ಕೆ ಜಿಗ್ ಎನ್ನುತ್ತಾರೆ. ಕಡಲಲ್ಲಿ ಒಂದೆರಡು ಗಂಟೆ ಒಳಕ್ಕೆ ಹೋಗಿ, ಹುರಿಗೆ ಕಟ್ಟಿ ತಳದವರೆಗೆ ಇಳಿಬಿಟ್ಟು, ಮೇಲಕ್ಕೆ ಎಳೆ, ಬಿಡು, ಎಳೆ, ಬಿಡು. ಕುಣಿಯುವ ಸೀಸವನ್ನು ಗಾಯಗೊಂಡ ಮರಿಮೀನು ಎಂದುಕೊಂಡು ದೊಡ್ಡ ಮೀನು ಬಾಯಿ ಹಾಕುತ್ತದೆ. ಗಾಳದ ಕೋಲು ಗೀಲು ಏನೂ ಇಲ್ಲ. ತಳದಲ್ಲಿ ನಡೆಯುವುದನ್ನೆಲ್ಲ ಹುರಿ ಹಿಡಿದ ಬೆರಳೇ ತಿಳಿಯಬೇಕು.

ಇಪ್ಪತ್ತಾರು ವರ್ಷಗಳಿಂದ ಭಾನುವಾರವೆಂದರೆ ಅದೇ ಪುಟ್ಟ ಮೋಟಾರು ದೋಣಿ, ಅವರೇ ಇಬ್ಬರು. ಮೊಳೆ ಹಿಡಿಯುತ್ತಿದ್ದ, ಕಾಜಾ ವಾಂತಿ ಮಾಡುತ್ತಿದ್ದ. ಬಿಡುವಾದಾಗ ಕೂಗುತ್ತಿದ್ದ. ಮೊಳೆಯ ಹುರಿ ಕೂದಲೆಳೆಯಷ್ಟು ಅಲುಗಿದರೂ ಸಾಕು, "ಬಂತು, ಬಂತು, ಎಳಿಯೋ" ಎಂದು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದ. "ಸುಮ್ನಿರೋ, ನನ್ನ ಬೆರಳಿಗೆ ಕಣ್ಣಿದೆ" ಎಂದು ಮೊಳೆ ಪ್ರತಿ ಸಲವೂ ಬೈಯುತ್ತಿದ್ದ.

ಈ ಶುಕ್ರವಾರ ಮೊಳೆಯ ಹೆಂಡತಿ ದಿಂಬಿನ ಚೀಲ ಹಿಡಿದುಕೊಂಡು ದರ್ಜಿಯ ಅಂಗಡಿಗೆ ಬಂದಳು. ಕಾಜಾ ತಿರುಗಿಸಿ ಮುರುಗಿಸಿ ನೋಡಿದ. ಎಲ್ಲಿಯೂ ಹರಿದಿರಲಿಲ್ಲ.

"ಎಲ್ಲಿ ಹೊಲೀಬೇಕು ಅತ್ತಿಗೆ?"

"ಎಲ್ಲಾದ್ರೂ ಹೊಲೀರಿ ಅಣ್ಣ. ನಿಮ್ಮ ಹತ್ರ ಒಂದು ಮಾತಿತ್ತು." ಅವಳು ಸ್ಟೂಲಿನ ತುದಿಯಲ್ಲಿ ಕೂತಳು. "ಅವರ ಬೆರಳಲ್ಲಿ ಜೀವ ಇಲ್ಲ. ಮೊನ್ನೆ ಕೊಕ್ಕೆ ಅಂಗೈಗೆ ನೆಟ್ಕೊಂಡೇ ಮನೆಗೆ ಬಂದಿದಾರೆ, ಗೊತ್ತೇ ಆಗಿಲ್ಲ. ಊಟಕ್ಕೆ ಕೂತಾಗ ನಾನು ನೋಡಿದ್ದು. ನರ ಸತ್ತಿದೆ, ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟ್ರು. ವಾರದ ನಡುವೆ ಒಬ್ರೇ ಕಡಲಿಗೆ ಬೇರೆ ಹೋಗ್ತಾರೆ. ಹುರಿ ಕೈಗೆ ಸುತ್ಕೊಂಡು ಮೀನು ಎಳೀತು ಅಂದ್ರೆ, ನೀರಿಗೆ ಬಿದ್ದ ಮೇಲೇ ಇವರಿಗೆ ತಿಳಿಯೋದು."

"ನೀವು ಹೇಳಿ ನೋಡಿದ್ರಾ?"

"ನಾನು ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಇದೇ ಕೊನೆ, ಇನ್ನು ಸಾಕು ಅಂತ ನೀವು ಹೇಳಿ. ನಿಮ್ಮ ಮಾತು ತೆಗೆದುಹಾಕಲ್ಲ."

ಕಾಜಾ ಆಗಲಿ ಎಂದ. ಎರಡು ದಿನ ಹೊಲಿಗೆ ಯಂತ್ರ ತುಳಿಯುತ್ತ ಮಾತನ್ನು ಅಭ್ಯಾಸ ಮಾಡಿದ. ಆ ಭರದಲ್ಲಿ ಒಬ್ಬರ ಪ್ಯಾಂಟಿಗೆ ಎರಡು ಎಡಗಾಲು ಹೊಲಿದಿಟ್ಟ.

ಭಾನುವಾರ ಕಡಲು ಎಣ್ಣೆ ಸುರಿದಂತೆ ಸಪಾಟಾಗಿತ್ತು. ವಾಂತಿಯಾದರೆ ಮಾತು ಮುಂದೂಡಬಹುದಿತ್ತು, ಹಾಳಾದ್ದು ಅದೂ ಬರಲಿಲ್ಲ. ಕಾಜಾ ಎರಡು ಸಲ ಗಂಟಲು ಸರಿಮಾಡಿಕೊಂಡ.

"ಏನೋ, ಭಾಷಣ ಇದೆಯಾ?" ಎಂದ ಮೊಳೆ.

"ಏನಿಲ್ಲ. ಬಿಸಿಲು ಜೋರಿದೆ ಅಂತ."

"ಸೂರ್ಯಂಗೆ ಹೇಳಿ ನೋಡು. ಅಳತೆ ತಗೊಂಡು ಕೊಡೆ ಹೊಲ್ಕೊಡ್ತೀಯಾ?"

ಮೊಳೆ ದೋಣಿಯ ಅಂಚಿಗೆ ಕೂತು ಹುರಿ ಇಳಿಬಿಟ್ಟ. ಎಳೆದ, ಬಿಟ್ಟ, ಎಳೆದ, ಬಿಟ್ಟ. ಅವನ ಲಯ ತಪ್ಪದ ಕೈಯನ್ನು ನೋಡುತ್ತ, ಅತ್ತಿಗೆ ಸುಮ್ಮನೆ ಹೆದರಿದ್ದಾಳೆ ಎಂದು ಕಾಜಾ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅಷ್ಟರಲ್ಲಿ ಹುರಿ ನೆಟ್ಟಗೆ ಇಳಿಯುವುದನ್ನು ಬಿಟ್ಟು ಓರೆಯಾಯಿತು. ನೀರನ್ನು ಕೊಯ್ಯುತ್ತ ದೋಣಿಯ ಮೂತಿಯ ಕಡೆಗೆ ಸರಿಯಿತು. ಮೀನು ಸಣ್ಣದಾಗಿರಲಿಲ್ಲ. ಮೊಳೆ ಮಾತ್ರ ದೂರದ ದಡದ ಕಡೆ ಕಣ್ಣಿಟ್ಟು, ಮೊದಲಿನ ಹಾಗೇ ಎಳೆಯುತ್ತ ಬಿಡುತ್ತ ಕೂತಿದ್ದ.

ಕಾಜಾನ ಬಾಯಿ ತೆರೆದೇಬಿಟ್ಟಿತ್ತು. ಕೂಗಿದರೆ ಮೀನು ಸಿಗುತ್ತದೆ, ಆದರೆ ನಿನಗೆ ಗೊತ್ತಾಗಲಿಲ್ಲ ಎಂದು ಮುಖಕ್ಕೆ ಹೇಳಿದಂತಾಗುತ್ತದೆ. ಈಗ ಗೊತ್ತಾಗಬಹುದು, ಇನ್ನೊಂದು ಎಳೆತಕ್ಕೆ ಗೊತ್ತಾಗಬಹುದು ಎಂದು ಕಾದ. ಹುರಿ ಇನ್ನೂ ಸ್ವಲ್ಪ ದೂರ ಹೋಯಿತು, ನಡುಗಿತು, ಆಮೇಲೆ ಸಡಿಲವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಮೊಳೆ ಜಾಗ ಬದಲಿಸೋಣವೆಂದು ಹುರಿ ಮೇಲಕ್ಕೆಳೆದ. ಕೊಕ್ಕೆ ಅರ್ಧ ನೆಟ್ಟಗಾಗಿತ್ತು. ಅದರ ತುದಿಯಲ್ಲಿ ಮೀನಿನ ತುಟಿಯ ಬಿಳಿಯ ಚೂರು ನೇತಾಡುತ್ತಿತ್ತು. ಅವನು ಅದನ್ನು ಬೆರಳಿಂದ ಮುಟ್ಟಿ ನೋಡಲಿಲ್ಲ, ಕಣ್ಣ ಹತ್ತಿರ ಹಿಡಿದು ನೋಡಿದ.

"ಎಷ್ಟು ಹೊತ್ತಿತ್ತೋ?"

"ಏನು?"

"ಮೀನು."

ಕಾಜಾ ತನ್ನ ಚಪ್ಪಲಿ ನೋಡಿಕೊಂಡ. "ಒಂದು ಬೀಡಿ ಸೇದಿ ಮುಗಿಸುವಷ್ಟು."

ಮೊಳೆ ತುಟಿಯ ಚೂರನ್ನು ಬಿಡಿಸಿ ನೀರಿಗೆ ಹಾಕಿದ. "ಇಪ್ಪತ್ತಾರು ವರ್ಷ ಸುಮ್ನಿರು ಅಂದೆ, ಒಂದು ದಿನ ಕೇಳಿಲ್ಲ ನೀನು. ಇವತ್ತು ಸುಮ್ನಿದ್ದೆ." ಆಮೇಲೆ, "ಅವಳು ಬಂದಿದ್ಲಾ?"

"ಯಾರು? ಇಲ್ಲಪ್ಪ. ದಿಂಬಿನ ಚೀಲ ಹೊಲಿಸೋಕೆ ಬಂದಿದ್ರು, ಅಷ್ಟೇ."

"ಸುಳ್ಳು ಹೇಳೋದಕ್ಕೂ ಒಂದು ಅಳತೆ ಇರ್ಬೇಕು ಕಣೋ ದರ್ಜಿ."

ಮೊಳೆ ಕೊಕ್ಕೆಯನ್ನು ಬಗ್ಗಿಸಿ ಸರಿಮಾಡಿ ಮತ್ತೊಮ್ಮೆ ಇಳಿಬಿಟ್ಟ. ಈ ಸಲ ಹುರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕತ್ತು ಮೇಲೆ ಕೆಳಗೆ ಆಡಿಸಿದ. ಅರವತ್ತು ದಾಟಿದ ಮನುಷ್ಯ ಹುಲ್ಲು ಮೇಯುವ ಕುದುರೆಯ ಹಾಗೆ ಕಂಡ. ಕಾಜಾನಿಗೆ ನಗು ಬಂತು, ಮುಖ ಬೇರೆ ಕಡೆ ತಿರುಗಿಸಿಕೊಂಡ. ಮೊಳೆ ಕಣ್ಣು ಮುಚ್ಚಿ, ಹಲ್ಲು ಬಿಡದೆ, "ತಳದಲ್ಲಿ ಮರಳು" ಎಂದ. ಸ್ವಲ್ಪ ತಡೆದು, "ಈಗ ಕಲ್ಲು" ಎಂದ. ಬಹಳ ಹೊತ್ತು ಹಾಗೆಯೇ ತಳವನ್ನು ಕೇಳುತ್ತ ಕೂತಿದ್ದ. ಆಮೇಲೆ ಹುರಿಯನ್ನು ಅದರ ಹಲಗೆ ತುಂಡಿಗೆ ಸುತ್ತಿದ, ಸುತ್ತು ಒಂದರ ಮೇಲೊಂದು ಹತ್ತದಂತೆ ಕಣ್ಣಿಟ್ಟು ನೋಡುತ್ತ ಸುತ್ತಿದ. ಮೋಟಾರು ಹಚ್ಚಿದ.

ದಡದಲ್ಲಿ ಮೊಳೆಯ ಹೆಂಡತಿ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಮೊದಲು ಕಾಜಾನ ಮುಖ ನೋಡಿದಳು. ಅವನು ಹೇಳಲಾಗಲಿಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೊಳೆ ಕೆಳಗಿಳಿದ.

"ಇವನನ್ನ ಜೊತೆಗೆ ಕರ್ಕೊಂಡು ಹೋಗಿದ್ದೇ ತಪ್ಪಾಯ್ತು ನೋಡು. ಹೋಗ್ತಾ ಬರ್ತಾ ಬರೀ ಬೈಗುಳ. ಇನ್ನು ಕಡಲ ಕಡೆ ತಲೆ ಹಾಕಿದ್ರೆ ಗೆಳೆತನ ಕಟ್ ಅಂತಾನೆ. ಹಾಳಾಗಿ ಹೋಗ್ಲಿ, ಬಿಟ್ಟೆ ಅಂದೆ."

ಅವಳು ಎರಡೂ ಕೈ ಜೋಡಿಸಿದಳು. "ಉಪಕಾರ ಆಯ್ತು ಅಣ್ಣ. ನೀವಲ್ದೆ ಇನ್ಯಾರಿಂದ್ಲೂ ಆಗ್ತಿರ್ಲಿಲ್ಲ."

ಕಾಜಾ ಏನನ್ನೋ ಗೊಣಗಿದ. ಅವರಿಬ್ಬರೂ ಮೆಟ್ಟಿಲು ಹತ್ತಿ ಹೋದರು. ಅವನು ದೋಣಿಯೊಳಗೆ ಕೂತು ಚೊಂಬಿನಲ್ಲಿ ನೀರು ಮೊಗೆದು ಹಲಗೆಗಳನ್ನು ತೊಳೆಯತೊಡಗಿದ. ಅಂದು ಒಂದು ಮೀನೂ ಬಿದ್ದಿರಲಿಲ್ಲ, ತೊಳೆಯಲು ಏನೂ ಇರಲಿಲ್ಲ. ಆದರೂ ತೊಳೆದ.