ಮಠಕ್ಕೆ ಮೀಸಲಾಗಿದ್ದ ಕಾಯಿ

ಬೇಸಿಗೆಯಲ್ಲಿ ತುಮಕೂರಿನ ಬಸ್‌ಸ್ಟ್ಯಾಂಡಿಗೆ ಕಾಲಿಟ್ಟರೆ ಸಾಕು, ತಳ್ಳುಗಾಡಿಯ ಮೇಲೆ ಸೀಳಿಟ್ಟ ಹಲಸಿನ ಹಣ್ಣಿನ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ಗುಬ್ಬಿಯ ನಮ್ಮ ಮನೆಯ ಹಿತ್ತಲಲ್ಲೂ ಒಂದು ಹಲಸಿನ ಮರವಿತ್ತು. ಈಗ ಆ ಮನೆಯೂ ಇಲ್ಲ, ಮರವೂ ಇಲ್ಲ. ಅಜ್ಜಿ ಮದುವೆಯಾಗಿ ಬಂದ ವರ್ಷ ನೆಟ್ಟ ಮರವಂತೆ ಅದು. ಕೆಂಪು ತೊಳೆ, ಬಾಯಿಗಿಟ್ಟರೆ ಬೆಲ್ಲ. ವರ್ಷದ ಮೊದಲ ಕಾಯಿಗೆ ಅಜ್ಜಿ ವಿಭೂತಿ ಹಚ್ಚಿ ಗುರುತು ಮಾಡುತ್ತಿದ್ದಳು. ಅದು ತುಮಕೂರಿನ ಮಠದ ದಾಸೋಹಕ್ಕೆ. ಅದು ಹಣ್ಣಾಗಿ ಮಠ ಸೇರುವವರೆಗೆ ಮನೆಯಲ್ಲಿ ಯಾರೂ ಒಂದು ತೊಳೆ ಮುಟ್ಟುವಂತಿರಲಿಲ್ಲ. ಮಕ್ಕಳಾದ ನಾವು ಜೊಲ್ಲು ನುಂಗಿಕೊಂಡು ಮರ ಸುತ್ತುತ್ತಿದ್ದೆವು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಕಾಂಪೌಂಡಿನ ಪಾಯ ತೆಗೆಸಲು ಜೆಸಿಬಿ ತರಿಸಿದ. ಮಣ್ಣಿನ ಜೊತೆ ಮರದ ತೋಳು ದಪ್ಪದ ಬೇರುಗಳೂ ಸಿಗಿದು ಬಂದವು. ಸ್ವಲ್ಪ ದಿನಕ್ಕೇ ಆ ಮಗ್ಗುಲಿನ ಎಲೆಗಳು ಜೋತುಬಿದ್ದು ಉದುರತೊಡಗಿದವು. ಕುಣಿಗಲ್ಲಿನಲ್ಲಿ ತೋಟಗಾರಿಕೆ ಕೆಲಸದಲ್ಲಿದ್ದ ಅಪ್ಪನ ಗೆಳೆಯ ರುದ್ರೇಶಣ್ಣ ಬಂದು, ಹರಿದ ಬೇರಿನ ತುದಿಗಳನ್ನು ಗರಗಸದಿಂದ ನೀಟಾಗಿ ಕೊಯ್ಯಿಸಿ, ಗುಂಡಿ ಮುಚ್ಚಿಸಿ, ಮೇಲೆ ರಾಗಿ ಹುಲ್ಲು ಹೊದಿಸಿದರು. ಗೊಬ್ಬರ ಬೇಡ, ನೀರು ನಿಧಾನಕ್ಕೆ ಇಂಗಬೇಕು ಅಂದರು. ಹೊರಡುವಾಗ, "ಇಷ್ಟು ಭಾರ ಈಗ ಇದು ತಡ್ಯಲ್ಲ. ಇರೋ ಕಾಯೆಲ್ಲಾ ಕಿತ್ತಾಕ್ಬಿಡು, ಒಂದೂ ಇಟ್ಕೋಬೇಡ" ಅಂತ ಅಪ್ಪನಿಗೆ ಹೇಳಿದರು.

"ಎಲ್ಲಾ ಕೀಳು. ವಿಭೂತಿ ಹಚ್ಚಿರೋದನ್ನ ಮಾತ್ರ ಮುಟ್ಬೇಡ ಕಣಪ್ಪ" ಅಂದಳು ಅಜ್ಜಿ.

"ಅದೊಂದಕ್ಕೋಸ್ಕರ ಮರಾನೇ ಹೋದ್ರೆ ಏನ್ಮಾಡ್ತೀಯವ್ವ?"

"ಕೊಡ್ತೀನಿ ಅಂದಿದ್ದನ್ನ ಕೊಡ್ದೆ, ಮರ ಇಟ್ಕೊಂಡು ನಾನೇನ್ ಮಾಡ್ಲಿ?"

ಬೇರೆ ಕಾಯೆಲ್ಲಾ ಕಿತ್ತರೂ ಎಲೆ ಉದುರುವುದು ನಿಲ್ಲಲಿಲ್ಲ. ಅಜ್ಜಿ ಸಂತೆಗೆ ಹೋಗಿದ್ದ ದಿನ ಅಪ್ಪ ವಿಭೂತಿ ಹಚ್ಚಿದ್ದನ್ನೂ ಕೊಯ್ದ. ಅಜ್ಜಿ ಬಂದು, ತೊಟ್ಟಿನಿಂದ ಇನ್ನೂ ಹಾಲು ತೊಟ್ಟಿಕ್ಕುವುದನ್ನು ನೋಡಿದಳು. ಅಂದಿನಿಂದ ಅಪ್ಪನ ಹತ್ತಿರ ಮಾತು ಬಿಟ್ಟಳು. ಏನಿದ್ದರೂ ನನ್ನ ಮೂಲಕ. ಆದರೂ ಬೆಳಿಗ್ಗೆ ಎದ್ದು ಮರಕ್ಕೆ ನೀರು ಹಾಕುವುದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಬೆನ್ನು ಬಾಗಿದ್ದರೂ ಬಿಂದಿಗೆ ಹೊತ್ತು, ಹುಲ್ಲಿನ ಮೇಲೆ ಸಣ್ಣಗೆ ಸುರಿಯುತ್ತ ಅರ್ಧ ಗಂಟೆ ನಿಂತಿರುತ್ತಿದ್ದಳು. ಮಳೆ ಹಿಡಿದ ಮೇಲೆ ಒಣಗಿದ ಕೊಂಬೆಯ ಪಕ್ಕದಲ್ಲೇ ಚಿಗುರು ಬಂತು. ಅಪ್ಪ ಓಡಿಬಂದು, "ಅವ್ವ, ಬದುಕ್ತು ನೋಡು" ಅಂದ. ಅಜ್ಜಿ ನನ್ನ ಕಡೆ ತಿರುಗಿ, "ನೋಡಿದೀನಿ ಅಂತ ಹೇಳು ನಿಮ್ಮಪ್ಪಂಗೆ" ಅಂದಳು. ಅಪ್ಪನ ಮುಖ ನೋಡಲಾಗಲಿಲ್ಲ.

ಆ ಚಳಿಗಾಲ ಕಳೆಯುವ ಮೊದಲೇ ಅಜ್ಜಿ ಹೋಗಿಬಿಟ್ಟಳು. ಮಾತು ಬಿಟ್ಟದ್ದು ಬಿಟ್ಟ ಹಾಗೇ ಉಳಿಯಿತು. ಮುಂದಿನ ಬೇಸಿಗೆಗೆ ಮರ ಮತ್ತೆ ಕಾಯಿ ಬಿಟ್ಟಿತು. ದೇವರು ದಿಂಡರು ಅಂದರೆ ಅಷ್ಟಕ್ಕಷ್ಟೇ ಇದ್ದ ಅಪ್ಪ ಮೊದಲ ಹಣ್ಣನ್ನು ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಮಠಕ್ಕೆ ಒಯ್ದ. ನಾನೂ ಜೊತೆಗಿದ್ದೆ. ದಾಸೋಹದ ಬಾಗಿಲಲ್ಲಿದ್ದವರು ಯಾರ ಹೆಸರಲ್ಲಿ ಅಂತ ಕೇಳಿದರು. "ಗೌರಮ್ಮ" ಅಂದ ಅಪ್ಪ. ಅಜ್ಜಿಯ ಹೆಸರು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ನಮ್ಮವ್ವ. ಹೋದ್ವರ್ಷದ್ದು ನಾನೇ ತಪ್ಪಿಸ್ಬಿಟ್ಟೆ" ಅಂದ. ಅವರು ತಲೆಯಾಡಿಸಿ ಹಣ್ಣನ್ನು ಒಳಗೆ ತೆಗೆದುಕೊಂಡು ಹೋದರು. ಇನ್ನೂ ಏನೋ ಹೇಳುವುದಿದ್ದವನಂತೆ ಅಪ್ಪ ಖಾಲಿ ಚೀಲ ಹಿಡಿದು ಅಲ್ಲೇ ನಿಂತಿದ್ದ.