ನಾಳೆ ಎಲ್ಲರಿಗೂ ಹಚ್ತಾರೆ

ಫ್ರೆಂಡ್ಸ್, ನಾನು ಚರ್ಚಿಗೆ ಬೆಂಕಿ ಹಚ್ಚಿಲ್ಲ. ಇವತ್ತು ಟೀವಿ ನೋಡಿದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾಳೆ ಬೂದಿ ಬುಧವಾರ. ಹೋದ ವರ್ಷ ಗರಿಗಳ ಭಾನುವಾರ ಹಂಚಿದ್ದ ತೆಂಗಿನ ಗರಿಗಳನ್ನು ಸುಟ್ಟು, ಆ ಬೂದಿಯಿಂದ ಎಲ್ಲರ ಹಣೆಗೂ ಶಿಲುಬೆ ಎಳೆಯುವುದು ನಮ್ಮ ಪದ್ಧತಿ. ಸುಡುವ ಕೆಲಸವನ್ನು ಹಲಸೂರಿನ ನಮ್ಮ ಚರ್ಚಿನ ಫಾದರ್ ನನಗೆ ಕೊಟ್ಟರು. ಗರಿ ಥಂಡಿ ಹಿಡಿದಿತ್ತು. ಉರಿ ಇಷ್ಟೇ, ಹೊಗೆ ಮಾತ್ರ ಮೇನ್ ರೋಡಿನವರೆಗೂ ಹೋಯಿತು. ಅದನ್ನು ನೋಡಿ ಟೀವಿ ಚಾನೆಲ್ಲಿನ ವ್ಯಾನ್ ಚರ್ಚಿನ ಅಂಗಳಕ್ಕೇ ಬಂತು.

ವರದಿಗಾರ್ತಿ ಮೈಕ್ ಚಾಚಿದರು. "ಯಾರ್ರೀ ಹಚ್ಚಿದ್ದು?"

ಮೈಕ್ ಕಂಡರೆ ಹಾಸ್ಟೆಲ್‌ನಲ್ಲಿ ಕಲಿತ ನನ್ನ ಕನ್ನಡ ಓಡಿಹೋಗುತ್ತದೆ. "ನಾನೇ ಮೇಡಂ. ಫಾದರೇ ಹೇಳಿದ್ದು. ನಾಳೆ ಎಲ್ಲರಿಗೂ ಹಚ್ತಾರೆ," ಎಂದೆ. 'ಬೂದಿ' ಎಂಬ ಪದ ನೆನಪಾಗುವಷ್ಟರಲ್ಲಿ ವ್ಯಾನ್ ಹೋಗಿಯಾಗಿತ್ತು.

ಮಧ್ಯಾಹ್ನ ಮೆಸ್ಸಿನ ಟೀವಿ ತುಂಬಾ ನನ್ನ ಮುಖ, ಹಿಂದೆ ಹೊಗೆ, ಕೆಳಗೆ ಕೆಂಪಕ್ಷರದಲ್ಲಿ 'ನಾಳೆ ಎಲ್ಲರಿಗೂ ಹಚ್ತಾರೆ!'

"ಮಗಾ, ಫೇಮಸ್ ಆಗ್ಬಿಟ್ಟೆ!" ಎಂದ ರೂಮ್‌ಮೇಟ್.

ವಾರ್ಡನ್ ಸಾರನ್ನ ಬಿಟ್ಟು ಎದ್ದರು. "ಹಾಸ್ಟೆಲ್‌ಗೆ ಯಾವತ್ತು ಹಚ್ತೀಯಪ್ಪಾ? ಮೊದಲು ರೂಮ್ ಖಾಲಿ ಮಾಡು."

ಅಳುವುದೊಂದು ಬಾಕಿ. ಕೊನೆಗೆ ಫಾದರಿಗೆ ಫೋನ್ ಹಚ್ಚಿದೆ. ಅವರೇ ವಾರ್ಡನ್ನಿಗೆ ನಗುತ್ತ ನಗುತ್ತ ವಿವರಿಸಿದ ಮೇಲೆ ನನ್ನ ರೂಮ್ ಉಳಿಯಿತು. ಚಾನೆಲ್ಲಿಗೆ ಯಾರೂ ವಿವರಿಸಿಲ್ಲ, ಅಲ್ಲಿ ನಾನು ಇನ್ನೂ ಉರಿಯುತ್ತಿದ್ದೇನೆ.

ನಾಳೆ ಹಚ್ಚಿಸಿಕೊಳ್ಳುವವರು ಬೆಳಿಗ್ಗೆಯೇ ಬನ್ನಿ. ಹಣೆಗೆ, ಫ್ರೆಂಡ್ಸ್. ಹಣೆಗೆ ಮಾತ್ರ.