ವೀಳ್ಯದೆಲೆ ಲಾರಿಯ ಹೊಗೆ ಕೊಳವೆ

ಹದಿನೆಂಟು ರೂಪಾಯಿ ಕೊಟ್ಟೆ, ಒಂದು ಹೊಗೆ ಕೊಳವೆಗೆ! ತಗಡಿನದು ಐದು ರೂಪಾಯಿಗೆ ಸಿಗುತ್ತಿದ್ದ ಕಾಲ ಅದು. ಚಾಮರಾಜಪುರಂನ ನಮ್ಮ ಬೀದಿಯವರು, "ಸೊಪ್ಪಿನವಳ ಹತ್ರ ಕಾಸಿಗೂ ಚೌಕಾಸಿ ಮಾಡೋ ಮನುಷ್ಯನಿಗೆ ಏನು ಬಂತಪ್ಪ?" ಎಂದು ನಕ್ಕರು. ನಗಲಿ. ಐದು ರೂಪಾಯಿಯದನ್ನು ಎರಡು ಸಲ ಕೊಂಡು ಕೈ ಸುಟ್ಟುಕೊಂಡವನು ನಾನು, ಅವರಲ್ಲ.

ನನ್ನದು ಸಣ್ಣ ಲಾರಿ. ಹುಟ್ಟುವಾಗ ಅದು ಲಾರಿಯಾಗಿರಲಿಲ್ಲ. ಯಾರೋ ದೊಡ್ಡ ಮನುಷ್ಯರು ಓಡಿಸಿ ಬಿಟ್ಟ ಹಳೆಯ ಮೋಟಾರು ಕಾರು. ಅದರ ಹಿಂಭಾಗ ಕತ್ತರಿಸಿ, ಬಡಗಿಯ ಕೈಲಿ ಹಲಗೆಯ ತೊಟ್ಟಿ ಕೂಡಿಸಿದ್ದೆ. ಚಕ್ರದ ಕಡ್ಡಿಗಳೂ ಎತ್ತಿನ ಗಾಡಿಯವುಗಳಂತೆ ಮರದವೇ. ಓಡಿಸುತ್ತಿದ್ದವರು ನನ್ನ ಸೋದರಮಾವ. ಹಳ್ಳಿಯಲ್ಲಿ ಗಾಡಿ ಹೊಡೆದು ಮೀಸೆ ನರೆತವರು, ಲಾರಿಯನ್ನೂ ಎತ್ತಿನ ಹಾಗೆಯೇ ಬೆನ್ನು ತಟ್ಟಿ ಹೊರಡಿಸುತ್ತಿದ್ದರು. ದಿನಾ ಬೆಳಗ್ಗೆ ನಂಜನಗೂಡು ರಸ್ತೆಯ ತೋಟಗಳಿಂದ ಮಾರುಕಟ್ಟೆಗೆ ವೀಳ್ಯದೆಲೆ ತರುವುದು ನಮ್ಮ ಕೆಲಸ.

ಎಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಸಾಗಿಸುವ ಕೊಳವೆ, ಅದರ ನಡುವೆ ಸದ್ದು ನುಂಗುವ ಸೈಲೆನ್ಸರ್ ಡಬ್ಬಿ, ಎರಡೂ ತೊಟ್ಟಿಯ ಕೆಳಗೇ ಹಾಯ್ದಿದ್ದವು. ಅವಕ್ಕೆ ತೂತು ಬಿತ್ತೆಂದರೆ ಬಿಸಿ ಹೊಗೆಯೆಲ್ಲ ಹಲಗೆಯ ಸಂದಿಯಿಂದ ನೇರವಾಗಿ ಎಲೆಗೆ. ಎರಡನೆಯ ಸಲ ಹೀಗಾದಾಗ ಎಲೆ ಸಾಹುಕಾರರು ಅಂಗಡಿಯ ಮುಂದೆಯೇ ನನ್ನನ್ನು ನಿಲ್ಲಿಸಿಕೊಂಡರು.

"ಏನ್ರೀ ಇದು? ಮದುವೆ ಮನೆಯೋರು ಎಲೆ ಬಾಯಿಗಿಟ್ಟು ಮೂಗು ಮುಚ್ಕೊಂಡ್ರಂತೆ. ನಾನು ಎಲೆ ಮಾರ್ಬೇಕೋ, ಸೀಮೆಎಣ್ಣೆ ಮಾರ್ಬೇಕೋ?"

"ಕೊಳವೆ ತೂತಾಗಿದೆ ಸಾಹುಕಾರ್ರೇ. ಬದಲಾಯಿಸ್ತೀನಿ."

"ಹೋದ ಸಲಾನೂ ಇದೇ ಹಾಡು. ಇನ್ನೊಂದು ಸಲ ವಾಸ್ನೆ ಬಂತೋ, ಎತ್ತಿನ ಗಾಡಿಯೋನಿಗೇ ಹೇಳ್ಬುಡ್ತೀನಿ. ಎತ್ತು ಹೊಗೆ ಬಿಡಲ್ಲ ಕಣ್ರೀ!"

ನನಗೆ ಬೇರೆ ಗಿರಾಕಿ ಇರಲಿಲ್ಲ. ಎಲೆ ಕೈಬಿಟ್ಟರೆ ಲಾರಿಯನ್ನು ಮಾರುವುದೇ.

ಅಂದೇ ಕೊಳವೆ ಹುಡುಕಲು ಹೊರಟೆ. ತಗಡಿನಂಗಡಿಯವನು ದೂರದಿಂದಲೇ ಕಂಡು, "ಬನ್ನಿ ಬನ್ನಿ, ಮೂರನೇದು ನಾಲ್ಕೂವರೆಗೇ ಕೊಡ್ತೀನಿ" ಎಂದ. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ತಗ್ಗು ಬಿತ್ತು. ಕೆಳಗಿಟ್ಟು ಬಂದೆ. ಮೋಟಾರು ಸಾಮಾನಿನ ದೊಡ್ಡ ಅಂಗಡಿಯಲ್ಲಿ ಸೀಮೆಯಿಂದ ಹಡಗಿನಲ್ಲಿ ಬಂದ ಮಾಲು, ಮೂವತ್ತೈದು ರೂಪಾಯಿ. ಕಾಗದ ಬಿಚ್ಚಿಸಿ ಗೇಣು ಹಾಕಿ ಅಳೆದೆ. ಅದು ಕಾರಿನ ಉದ್ದಕ್ಕೆ ಮಾಡಿದ್ದು. ಹಾಕಿಸಿದ್ದರೆ ನನ್ನ ತೊಟ್ಟಿಯಂಚಿಗೂ ತಲುಪದೆ ನಡುವೆಯೇ ಹೊಗೆ ಉಗುಳುತ್ತಿತ್ತು. ಅಷ್ಟು ದುಡ್ಡು ಕೊಟ್ಟ ಮೇಲೂ ತುಂಡು ಜೋಡಿಸಬೇಕು.

ಕೊನೆಗೆ ಇಗರ್ಜಿಯ ಹತ್ತಿರದ ಕ್ರೈಸ್ತ ಮೇಸ್ತ್ರಿಯ ವರ್ಕ್‌ಶಾಪಿಗೆ ಹೋದೆ. ಅವರು ದಪ್ಪ ಉಕ್ಕಿನ ಕೊಳವೆ ತೋರಿಸಿ, ಡಬ್ಬಿಯನ್ನು ಎರಡು ಪದರ ಹಾಳೆಯಲ್ಲಿ ಮಾಡಿ ಗ್ಯಾಸಿನಲ್ಲಿ ಬೆಸೆದುಕೊಡುವುದಾಗಿ ಹೇಳಿ, ಇಪ್ಪತ್ತೆರಡು ಕೇಳಿದರು. ಬೆಲೆಯ ಮಾತು ಆಮೇಲೆ, ಮೊದಲು ನನ್ನ ಹಳೆಯ ಡಬ್ಬಿಯನ್ನು ಸೀಳಿ ಎಂದೆ. ಸಾಮಾನು ಯಾವ ಕಡೆಯಿಂದ ಸತ್ತಿತು ಎಂದು ತಿಳಿಯದೆ ಹೊಸದನ್ನು ಕೊಳ್ಳುವವನಲ್ಲ ನಾನು.

ಸೀಳಿದರೆ ಒಳಗೆಲ್ಲ ತುಕ್ಕು. ತುಕ್ಕಿನ ಜೊತೆಗೆ ಒಂದು ಹಿಡಿ ಕೆಸರು, ಆ ಕೆಸರಿನಲ್ಲಿ ಒಂದು ಬಸವನಹುಳುವಿನ ಚಿಪ್ಪು!

ಮೇಸ್ತ್ರಿ ಅದನ್ನು ಅಂಗೈ ಮೇಲಿಟ್ಟುಕೊಂಡು, "ಇದೇನ್ ಸ್ವಾಮಿ, ನೀವು ಇಟ್ಟಿರೋದು ಮೋಟಾರೋ, ಮೀನಿನ ಬುಟ್ಟಿಯೋ?" ಎಂದರು.

ನನಗೆ ತಟ್ಟನೆ ಹೊಳೆಯಿತು. ಮನೆಗೆ ಬಂದು, ಮಾವನಿಗೆ ಕಾಫಿ ಕೊಡಿಸಿ, ಮೆಲ್ಲಗೆ ಕೇಳಿದೆ: "ಮಾವ, ಸಾಯಂಕಾಲ ಲಾರಿ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೋಗುತ್ತೆ? ಕೆರೆಗೆ ಕಣೋ. ಮರದ ಚಕ್ರ ಒಣಗುದ್ರೆ ಬಿಟ್ಕಳಲ್ವಾ? ನೀರ್ನಲ್ಲಿ ಒಸಿ ಒತ್ತು ನಿಲ್ಸುದ್ರೆ ಉಬ್ಬಿ ಬಿಗಿಯಾಯ್ತದೆ. ನಿಮ್ಮಪ್ಪನ್ ಗಾಡಿನೂ ಅಂಗೇ ಕಾಪಾಡ್ದೋನು ನಾನು."

"ಆ ಗಾಡಿಗೆ ಹೊಟ್ಟೆ ಕೆಳಗೆ ಕೊಳವೆ ಇತ್ತಾ?"

ಮಾವ ಲೋಟ ಕೆಳಗಿಟ್ಟರು. "ಕೆರೇಲಿ ನಿಲ್ಸುದ್ರೆ ಗುಳುಗುಳು ಅಂತಿತ್ತು. ದಣಿದದೆ, ನೀರು ಕುಡೀತದೆ ಅಂದ್ಕಂಡೆ."

ಬಿಸಿ ಕೊಳವೆ ತಣ್ಣಗಾಗುತ್ತ ಕೆರೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಡಬ್ಬಿ ಅದನ್ನು ಬೆಳಗಿನವರೆಗೆ ಹಿಡಿದಿಡುತ್ತದೆ ಎಂದು ವಿವರಿಸಿದೆ. ಮಾವನ ಮುಖ ಬಿಗಿಯಿತು. "ನಾಳೆ ಚಕ್ರ ಬಿಟ್ಕಂಡ್ರೆ ನನ್ನ ಕೇಳ್ಬ್ಯಾಡ. ಬೇರೆ ಡ್ರೈವರ್ ನೋಡ್ಕೊ."

ಚಕ್ರದ ವಿಷಯದಲ್ಲಿ ಅವರು ಹೇಳಿದ್ದು ನಿಜವೇ. ಆದ್ದರಿಂದ ಅಲ್ಲೂ ಒಂದು ವ್ಯಾಪಾರ ಕುದುರಿಸಿದೆ: ಎಲೆ ಬಾಡದಂತೆ ಬೆಳಗ್ಗೆ ನೆನೆಸಿ ಹೊದಿಸುವ ಗೋಣಿತಾಟನ್ನು ಸಾಯಂಕಾಲ ಇನ್ನೊಮ್ಮೆ ನೆನೆಸಿ ಚಕ್ರಗಳಿಗೆ ಸುತ್ತುವುದು, ಲಾರಿಯನ್ನು ಕೆರೆಗೆ ಇಳಿಸದಿರುವುದು. ಮಾವ ಮೀಸೆ ತಿರುವಿ, "ಗೋಣಿನ ನಾನೇ ಸುತ್ತೋದು. ನಿಂಗೆ ಬರಾಕಿಲ್ಲ" ಎಂದರು. ಒಪ್ಪಿದೆ.

ಕಾರಣ ತಿಳಿದ ಮೇಲೆ ತಗಡಿನದೇ ಸಾಕಾಗುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಸಾಕಾಗುತ್ತಿರಲಿಲ್ಲ. ಒದ್ದೆ ಗೋಣಿಯ ನೀರು ದಾರಿಯುದ್ದಕ್ಕೂ ಹಲಗೆಯಿಂದ ಕೊಳವೆಯ ಮೇಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಕೆರೆ ತಪ್ಪಿಸಬಹುದು, ಎಲೆಗೆ ನೀರು ತಪ್ಪಿಸಲಾಗುವುದಿಲ್ಲ. ಮೇಸ್ತ್ರಿಯ ಹತ್ತಿರ ಕುಳಿತು ಹದಿನೆಂಟಕ್ಕೆ ಇಳಿಸಿದೆ. ಅದೇ ಬೆಲೆಯಲ್ಲಿ ಡಬ್ಬಿಯ ಅಡಿಗೆ ನೀರಿಳಿಯಲು ಸಣ್ಣ ರಂಧ್ರ, ಹಲಗೆಗೂ ಕೊಳವೆಗೂ ನಡುವೆ ಒಂದು ಅಡ್ಡತಗಡು, ಹೊಗೆಯ ಬಾಯಿ ತೊಟ್ಟಿಯಾಚೆ ಪಕ್ಕಕ್ಕೆ ಎಂದು ಒಂದೊಂದಾಗಿ ಸೇರಿಸುತ್ತ ಹೋದೆ.

"ಅಯ್ಯೋ ಸ್ವಾಮಿ, ನಿಮ್ಮ ಹತ್ರ ವ್ಯಾಪಾರ ಮಾಡೋದಕ್ಕಿಂತ ಪಾದ್ರಿಗಳ ಮುಂದೆ ಪಾಪ ಹೇಳ್ಕೊಳ್ಳೋದೇ ಸಲೀಸು!" ಎಂದರು ಮೇಸ್ತ್ರಿ. ಆದರೂ ಎಲ್ಲವನ್ನೂ ಮಾಡಿಕೊಟ್ಟರು.

ಹೊಸ ಕೊಳವೆಯ ಮೊದಲ ಬೆಳಗ್ಗೆ ಸಾಹುಕಾರರು ಮೇಲಿನ ಕಟ್ಟುಗಳನ್ನು ಮುಟ್ಟಲಿಲ್ಲ. ತಳದ ಬುಟ್ಟಿಯಿಂದಲೇ ಒಂದೆಲೆ ಎಳೆದು ಮೂಸಿದರು, ತೊಟ್ಟು ಮುರಿದರು, ಸುಣ್ಣ ಸವರಿ ಬಾಯಿಗಿಟ್ಟರು. ಮಾವನೂ ನಾನೂ ಅವರ ದವಡೆಯನ್ನೇ ನೋಡುತ್ತ ನಿಂತೆವು. ಸಾಹುಕಾರರು ಪಕ್ಕಕ್ಕೆ ಉಗುಳಿ, "ನಾಳೆ ಇನ್ನೆರಡು ಬುಟ್ಟಿ ಜಾಸ್ತಿ ಹಾಕ್ಕೊಂಡ್ ಬನ್ನಿ" ಎಂದು ಒಳಗೆ ಹೋದರು.

ನೀವೂ ಕೊಳವೆ ಕೊಳ್ಳಲು ಹೊರಟಿದ್ದರೆ ನನ್ನ ಮಾತು ಕೇಳಿ. ಹೊಸದರ ಹೊಳಪಿಗೆ ಮರುಳಾಗುವ ಮೊದಲು ಹಳೆಯದನ್ನು ಸೀಳಿಸಿ ನೋಡಿ. ತುಕ್ಕು ಒಳಗಿನದೋ ಹೊರಗಿನದೋ ತಿಳಿಯುತ್ತದೆ. ಹೆಬ್ಬೆರಳಿಗೆ ತಗ್ಗುವ ತಗಡನ್ನು ಪುಕ್ಕಟೆ ಕೊಟ್ಟರೂ ಬೇಡ. ಅಳತೆಯನ್ನು ನಿಮ್ಮ ಗಾಡಿಯಿಂದ ತೆಗೆಯಿರಿ, ಅಂಗಡಿಯವನ ಬಾಯಿಂದಲ್ಲ. ಬೆಲೆ ಇನ್ನು ಇಳಿಯುವುದಿಲ್ಲ ಎಂದಾಗ ಸಿಟ್ಟಾಗಿ ಎದ್ದು ಬರಬೇಡಿ, ಅದೇ ಬೆಲೆಗೆ ಕೆಲಸ ಹೆಚ್ಚಿಸಿಕೊಳ್ಳಿ. ಗಾಡಿ ಓಡಿಸುವವರು ಬೇರೆಯವರಾದರೆ, ಅದು ಸಾಯಂಕಾಲ ಎಲ್ಲಿ ನಿಲ್ಲುತ್ತದೆ ಎಂದು ಒಮ್ಮೆ ವಿಚಾರಿಸಿ. ಗದರಬೇಡಿ, ಕಾಫಿ ಕೊಟ್ಟು ಕೇಳಿ.